ಓಟು ಯಾರಿಗೆ ಇರಲಿಲ್ಲ?

ಪಾಠಾಭ್ಯಾಸದ ಅವಧಿಯಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಪ್ರೌಢಶಾಲೆಗಳಿಗೆ ವೀಕ್ಷಣೆಗೆ ಹೋಗುವ ನಮಗೆಲ್ಲ ಮತದಾನದ ಹಕ್ಕಿನ ಪಾಠದ ಜಾಡು ಬಾಯಿಪಾಠವಾಗಿದೆ. ಪೀಠಿಕೆಯಲ್ಲಿ ಮತಯಂತ್ರದ ಚಿತ್ರ, ನಂತರ ‘ಮತದಾನದ ವಯಸ್ಸು ಎಷ್ಟು?’ ಎಂಬ ಪ್ರಶ್ನೆ, ಕಪ್ಪುಹಲಗೆಯ ಮೇಲೆ 326ನೇ ವಿಧಿ, 61ನೇ ತಿದ್ದುಪಡಿ. ಕೊನೆಗೆ ಮತದಾನ ಪವಿತ್ರ ಕರ್ತವ್ಯ ಎಂಬ ಘೋಷಣೆ. ನಲವತ್ತು ನಿಮಿಷಕ್ಕೆ ಪಾಠವೂ ಮುಗಿಯುತ್ತದೆ, ಮಕ್ಕಳ ಕುತೂಹಲವೂ ಮುಗಿಯುತ್ತದೆ. ಯೋಜನೆಯಲ್ಲಿ ದೋಷ ಹುಡುಕಿದರೆ ಸಿಗುವುದಿಲ್ಲ. ಆದರೆ ಈ ಹಕ್ಕು ಆಕಾಶದಿಂದ ಇಳಿದದ್ದೋ, ಯಾರೋ ಕೊಟ್ಟದ್ದೋ, ಹಿಂದೆ ಯಾರಿಗೆ ಇರಲಿಲ್ಲವೋ ಎಂಬುದು ಆ ತರಗತಿಯಿಂದ ಯಾರಿಗೂ ತಿಳಿಯುವುದಿಲ್ಲ. ಪಾಠವನ್ನು ‘ಯಾರಿಗೆ ಇದೆ’ ಎಂಬಲ್ಲಿಂದ ಅಲ್ಲ, ‘ಯಾರಿಗೆ ಇರಲಿಲ್ಲ’ ಎಂಬಲ್ಲಿಂದ ಆರಂಭಿಸಬೇಕು, ಅದಕ್ಕೆ ಎರಡು ಅವಧಿ ಕೊಡಬೇಕು ಎಂಬುದು ನನ್ನ ವಾದ. (‘ಮತದಾನ’ ಎಂಬ ಪದದಲ್ಲಿರುವ ‘ದಾನ’ ನನಗೆ ಎಂದೂ ಹಿಡಿಸಿಲ್ಲ. ನಮ್ಮ ಮಕ್ಕಳ ಮನೆಯ ‘ಓಟು’ ಎಷ್ಟೋ ವಾಸಿ.)

ಇದಕ್ಕೆ ಬೇಕಾದ ಸಾಮಗ್ರಿ ನಮ್ಮ ಜಿಲ್ಲೆಯಲ್ಲೇ ಇದೆ. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಮದರಾಸಿಗೆ ಸೇರಿತ್ತು. 1919ರ ಭಾರತ ಸರಕಾರ ಕಾಯಿದೆಯಂತೆ 1920ರಲ್ಲಿ ಮದರಾಸು ಶಾಸನ ಪರಿಷತ್ತಿಗೆ ಚುನಾವಣೆ ನಡೆದಾಗ ಓಟು ಇದ್ದದ್ದು ಮುಖ್ಯವಾಗಿ ನಿಗದಿತ ಮಟ್ಟದ ಭೂಮಿ ಅಥವಾ ತೆರಿಗೆ ಇದ್ದ ಗಂಡಸರಿಗೆ. ನಮ್ಮ ಕಡೆಯ ಭಾಷೆಯಲ್ಲಿ ಹೇಳುವುದಾದರೆ ವರ್ಗದಾರರಿಗೆ. ಅದೇ ಗದ್ದೆಯಲ್ಲಿ ಕೆಸರು ತುಳಿಯುತ್ತಿದ್ದ ಚಾಲಗೇಣಿಯವನು ಗೇಣಿ ಅಳೆಯುತ್ತಿದ್ದದ್ದು ಧಣಿಯ ಅಂಗಳಕ್ಕೆ. ಸರಕಾರದ ಕಂದಾಯದ ರಸೀದಿಯಲ್ಲಿ ಅವನ ಹೆಸರಿರಲಿಲ್ಲ, ಹಾಗಾಗಿ ಮತದಾರರ ಪಟ್ಟಿಯಲ್ಲೂ ಇರಲಿಲ್ಲ. ಬುಟ್ಟಿ ಹೆಣೆಯುವ ಕೊರಗರ, ಘಟ್ಟದ ತಪ್ಪಲಿನ ಮಲೆಕುಡಿಯರ ವಿಷಯ ಬಿಡಿಸಿ ಹೇಳಬೇಕಾಗಿಲ್ಲ.

ಮದರಾಸು ಪರಿಷತ್ತು 1921ರಲ್ಲಿ ಹೆಣ್ಣುಮಕ್ಕಳ ಮೇಲಿನ ನಿಷೇಧವನ್ನು ತೆಗೆದುಹಾಕಿತು. ಪ್ರಾಂತಗಳಲ್ಲಿ ಇದೇ ಮೊದಲನೆಯದು, ಹೆಮ್ಮೆಪಡತಕ್ಕದ್ದೇ. ಆದರೆ ಆಸ್ತಿಯ ಷರತ್ತು ಹಾಗೆಯೇ ಉಳಿಯಿತು. ಆಸ್ತಿ ಎಷ್ಟು ಹೆಂಗಸರ ಹೆಸರಲ್ಲಿತ್ತು? ಅಳಿಯಸಂತಾನದ ತುಳುನಾಡಿನಲ್ಲಿ ಈ ಪ್ರಶ್ನೆ ಇನ್ನೂ ಸ್ವಾರಸ್ಯದ್ದು: ಸಂತತಿ ಹೆಣ್ಣಿನಿಂದ ಎಣಿಕೆಯಾದರೂ ಹಲವು ಕುಟುಂಬಗಳಲ್ಲಿ ಕಾಗದಪತ್ರ ಯಜಮಾನನ ಕೈಯಲ್ಲಿತ್ತು. 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರ ಬದುಕನ್ನು ಇಲ್ಲಿ ಹೇಳಲೇಬೇಕು. ತಂದೆ ಉಯಿಲು ಬರೆಯದೆ ತೀರಿಕೊಂಡಾಗ ಆಸ್ತಿ ಅವರ ಮೊದಲ ಹೆಂಡತಿಯ ಮಗನಿಗೆ ಹೋಯಿತು. ತಾಯಿ ಗಿರಿಜಾಬಾಯಿಗೂ ಮಗಳಿಗೂ ಸಿಕ್ಕಿದ್ದು ಜೀವನಾಂಶದ ಮಾತು ಮಾತ್ರ. ಅದೇ ಮಗಳು 1926ರಲ್ಲಿ, ಮಹಿಳೆಯರು ಅಭ್ಯರ್ಥಿಗಳಾಗಬಹುದು ಎಂದು ನಿಯಮ ಬದಲಾದ ವರ್ಷವೇ, ಇಲ್ಲಿಂದ ಮದರಾಸು ಪರಿಷತ್ತಿಗೆ ಸ್ಪರ್ಧಿಸಿ ಸಣ್ಣ ಅಂತರದಿಂದ ಸೋತರು. ದೇಶದಲ್ಲಿ ಶಾಸನಸಭೆಯ ಸ್ಥಾನಕ್ಕೆ ಸ್ಪರ್ಧಿಸಿದ ಮೊದಲ ಹೆಣ್ಣುಮಗಳು ನಮ್ಮ ಜಿಲ್ಲೆಯವರು ಎಂಬುದು ಎಷ್ಟು ಪಾಠ ಯೋಜನೆಗಳಲ್ಲಿ ಬಂದಿದೆ? ನಾನಂತೂ ಕಂಡಿಲ್ಲ.

1935ರ ಕಾಯಿದೆ ಬಾಗಿಲನ್ನು ಇನ್ನಷ್ಟು ತೆರೆಯಿತು. ಮದರಾಸಿನಲ್ಲಿ ಓದು ಬರಹ ಬಲ್ಲವರಿಗೆ, ಆಸ್ತಿಯ ಅರ್ಹತೆ ಉಳ್ಳವರ ಹೆಂಡತಿಯರಿಗೆ ಓಟು ಬಂತು. 1937ರಲ್ಲಿ ಇಡೀ ಬ್ರಿಟಿಷ್ ಭಾರತದ ಮತದಾರರು ಸುಮಾರು 3 ಕೋಟಿ. ಶಿಕ್ಷಕರಾದ ನಾವು ಇಲ್ಲಿ ಸ್ವಲ್ಪ ನಿಲ್ಲಬೇಕು. ‘ಓದಿದವರಿಗೆ ಓಟು’ ಎಂಬುದು ನಮ್ಮ ಕಿವಿಗೆ ಹಿತವಾಗಿ ಕೇಳುತ್ತದೆ, ಇಂದಿಗೂ ಪ್ರಶಿಕ್ಷಣಾರ್ಥಿಗಳಲ್ಲಿ ಕೆಲವರು ಚರ್ಚೆಯಲ್ಲಿ ಅದನ್ನೇ ಎತ್ತುತ್ತಾರೆ. ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಕಥೆಯನ್ನು ಅವರ ಮುಂದಿಡಿ. ಅಲ್ಲಿ 1890ರ ಸಂವಿಧಾನವು ತಲೆಗಂದಾಯದ ಜೊತೆಗೆ, ರಾಜ್ಯದ ಸಂವಿಧಾನದ ಒಂದು ಭಾಗವನ್ನು ಓದಬೇಕು ಇಲ್ಲವೇ ಕೇಳಿ ಅರ್ಥ ಹೇಳಬೇಕು ಎಂಬ ಷರತ್ತು ಹಾಕಿತು. ಪರೀಕ್ಷಕ ಸ್ಥಳೀಯ ನೋಂದಣಾಧಿಕಾರಿ. ಪ್ರಶ್ನೆಯೂ ಅವನದ್ದೇ, ಅಂಕವೂ ಅವನದ್ದೇ. ಕರಿಯರನ್ನು ಹೊರಗಿಡಲು ಬೇರೆ ಕಾನೂನೇ ಬೇಕಾಗಲಿಲ್ಲ. 1965ರ ಮತದಾನ ಹಕ್ಕು ಕಾಯಿದೆ ಬರುವವರೆಗೂ ಅಲ್ಲಿ ಪದವಿ ಪಡೆದ ಕರಿಯ ಅಧ್ಯಾಪಕನೂ ಈ ಪರೀಕ್ಷೆಯಲ್ಲಿ ‘ಅನುತ್ತೀರ್ಣ’ ಆಗಬಹುದಿತ್ತು. ನೂರಕ್ಕೆ ಸುಮಾರು 18 ಮಂದಿ ಮಾತ್ರ ಅಕ್ಷರಸ್ಥರಾಗಿದ್ದ ನಮ್ಮ ದೇಶದಲ್ಲಿ ಬೆಳ್ತಂಗಡಿಯ ಹೆಬ್ಬೆಟ್ಟಿನ ಕೂಲಿ ಹೆಂಗಸಿಗೆ 1952ರ ಹೊತ್ತಿಗೇ ಓಟು ಇತ್ತು. ಪರೀಕ್ಷೆ ಮಾಡುವುದೇ ವೃತ್ತಿಯಾದ ನಮಗೆ ಇದಕ್ಕಿಂತ ಒಳ್ಳೆಯ ಪಾಠ ಬೇರೆಲ್ಲಿ ಸಿಗಬೇಕು?

1952ರ ಆ ಪಟ್ಟಿಯೂ ತಾನಾಗಿ ಆದದ್ದಲ್ಲ. ಸಂವಿಧಾನ ಜಾರಿಯಾಗುವ ಮೊದಲೇ, 1948ರಲ್ಲಿ, ಎಲ್ಲ ವಯಸ್ಕರ ಹೆಸರು ಬರೆಯುವ ಕೆಲಸ ಆರಂಭವಾಯಿತು. ಅದನ್ನು ನಡೆಸಿದ್ದು ಸಂವಿಧಾನ ಸಭೆಯ ಸಚಿವಾಲಯ, ಮಾರ್ಗದರ್ಶನ ಮಾಡಿದವರು ಸಾಂವಿಧಾನಿಕ ಸಲಹೆಗಾರ ಬೆನಗಲ್ ನರಸಿಂಗ ರಾವ್, ನಮ್ಮ ಜಿಲ್ಲೆಯ ಮೂಲದವರು. ಅವರ ತಮ್ಮ ಬಿ. ಶಿವರಾವ್ ಮೊದಲ ಲೋಕಸಭೆಗೆ ದಕ್ಷಿಣ ಕನ್ನಡ ದಕ್ಷಿಣ ಕ್ಷೇತ್ರದಿಂದಲೇ ಗೆದ್ದುಹೋದರು. ದೇಶದಲ್ಲಿ ಮತದಾರರು 17 ಕೋಟಿಗೂ ಹೆಚ್ಚು. ಆದರೆ ‘ಇಂಥವನ ಹೆಂಡತಿ’, ‘ಇಂಥವನ ತಾಯಿ’ ಎಂದಷ್ಟೇ ಬರೆಸಿ ಸ್ವಂತ ಹೆಸರು ಹೇಳದ ಸುಮಾರು 28 ಲಕ್ಷ ಹೆಂಗಸರನ್ನು ಪಟ್ಟಿಯಿಂದ ಬಿಡಬೇಕಾಯಿತು. ಅವರಲ್ಲಿ ಹೆಚ್ಚಿನವರು ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನದಂಥ ಉತ್ತರದ ರಾಜ್ಯಗಳವರು. ಹಕ್ಕು ಕಾಗದದಲ್ಲಿದ್ದರೆ ಸಾಲದು, ಹೆಸರು ಪಟ್ಟಿಯಲ್ಲಿರಬೇಕು. ಇಂದು ನಮೂನೆ 6, 7, 8 ಹಿಡಿದು ಮನೆಮನೆಗೆ ಹೋಗುವ ಮತಗಟ್ಟೆ ಮಟ್ಟದ ಅಧಿಕಾರಿಗಳಲ್ಲಿ ಎಷ್ಟೋ ಮಂದಿ ಶಿಕ್ಷಕರೇ. ನಮ್ಮ ಪ್ರಶಿಕ್ಷಣಾರ್ಥಿ ನಾಳೆ ಆ ಕೆಲಸಕ್ಕೆ ಹೋದಾಗ, ಬೀಗ ಹಾಕಿದ ಮನೆಯ ಮುಂದೆ ನಿಂತು ‘ಸ್ಥಳಾಂತರ’ ಎಂದು ಗುರುತು ಹಾಕುವ ಮೊದಲು ಪಕ್ಕದ ಮನೆಯಲ್ಲಿ ಒಮ್ಮೆ ವಿಚಾರಿಸುತ್ತಾನೋ ಇಲ್ಲವೋ ಎಂಬುದು ಈ ಪಾಠವನ್ನು ಅವನು ಹೇಗೆ ಕಲಿತ ಎಂಬುದಕ್ಕೂ ಸೇರಿದ್ದು.

ತರಗತಿಯಲ್ಲಿ ಹೇಗೆ ಮಾಡುವುದು? ಮಕ್ಕಳ ಮನೆಯ ಜಮೀನು, ಜಾತಿಗಳನ್ನು ಕೇಳಲೇಬಾರದು. ಒಂದೇ ಬೆಂಚಿನಲ್ಲಿ ಹಳೆಯ ಧಣಿಯ ಮೊಮ್ಮಗನೂ ಹಳೆಯ ಒಕ್ಕಲಿನ ಮೊಮ್ಮಗಳೂ ಕೂತಿರುತ್ತಾರೆ. ಕಲ್ಪಿತ ವ್ಯಕ್ತಿಗಳ ಚೀಟಿಗಳು ಸಾಕು: ಬಂಟ್ವಾಳದ ಒಬ್ಬ ದೊಡ್ಡ ವರ್ಗದಾರ, ಅವನ ಹೆಂಡತಿ, ಬೆಳ್ತಂಗಡಿಯ ಓದುಬರಹ ಬಾರದ ಚಾಲಗೇಣಿ ಒಕ್ಕಲು, ಮೂಡುಬಿದಿರೆಯ ಜಮೀನಿಲ್ಲದ ಶಾಲಾ ಮಾಸ್ತರು, ಬೀಡಿ ಕಟ್ಟುವ ಹೆಂಗಸು. 1920, 1937, 1952 ಎಂದು ಮೂರು ಸಲ ಕರೆದು, ಓಟಿದ್ದವರು ಎದ್ದು ನಿಲ್ಲಲಿ. ಮೊದಲ ಸಲ ಒಬ್ಬನೇ ನಿಲ್ಲುತ್ತಾನೆ. ಎರಡನೆಯ ಸಲ ಅವನ ಹೆಂಡತಿಯೂ ಮಾಸ್ತರೂ ಸೇರುತ್ತಾರೆ. ಮೂರನೆಯ ಸಲ ಇಡೀ ಗುಂಪು. ಕೂತೇ ಇದ್ದವರ ಮುಖ ನೋಡಿದ ಮೇಲೆ 326ನೇ ವಿಧಿಯನ್ನು ಕಪ್ಪುಹಲಗೆಯಲ್ಲಿ ಬರೆಯಿರಿ.

ಸಮಯವಿಲ್ಲ, ಘಟಕ ಮುಗಿಯಬೇಕು ಎನ್ನುವ ಮಾರ್ಗದರ್ಶಕ ಶಿಕ್ಷಕರ ತಕರಾರು ನ್ಯಾಯವಾದದ್ದು. ಅವರಿಗೆ ಪರೀಕ್ಷೆಯ ಫಲಿತಾಂಶದ ಲೆಕ್ಕ ಕೊಡಲಿಕ್ಕಿದೆ. ಎರಡನೆಯ ಅವಧಿಯನ್ನು ಇತಿಹಾಸದ ಸ್ವಾತಂತ್ರ್ಯ ಹೋರಾಟದ ಘಟಕದಿಂದ ಎರವಲು ಪಡೆದರೆ ನಷ್ಟವಿಲ್ಲ, 1919 ಮತ್ತು 1935ರ ಕಾಯಿದೆಗಳು ಅಲ್ಲಿಗೇ ಸೇರಿದವು. ರಾಜಕೀಯ ಬರುತ್ತದೆ ಎಂಬ ಅಂಜಿಕೆಯನ್ನು ಮಾತ್ರ ನಾನು ಒಪ್ಪುವುದಿಲ್ಲ. ಯಾವ ಪಕ್ಷದ ಹೆಸರೂ ಇಲ್ಲದೆ ಈ ಪಾಠ ನಡೆಯುತ್ತದೆ.

ಕೊನೆಗೆ ನಮ್ಮ ಮನೆಯದೇ ಒಂದು ಮಾತು. ಶಿಕ್ಷಣದ ಅರ್ಹತೆಯ ಓಟು ಪೂರ್ತಿ ಹೋಗಿಲ್ಲ. ವಿಧಾನ ಪರಿಷತ್ತಿನ ನೈಋತ್ಯ ಪದವೀಧರ ಮತ್ತು ಶಿಕ್ಷಕರ ಕ್ಷೇತ್ರಗಳು ನಮ್ಮವೇ. 171ನೇ ವಿಧಿಯಂತೆ ಪ್ರೌಢಶಾಲೆಗಿಂತ ಕೆಳಗಲ್ಲದ ಸಂಸ್ಥೆಯಲ್ಲಿ ಕನಿಷ್ಠ ಮೂರು ವರ್ಷ ಪಾಠ ಮಾಡಿದವರಿಗೆ ಶಿಕ್ಷಕರ ಕ್ಷೇತ್ರದಲ್ಲಿ ಓಟು. ಅಕ್ಷರ ತಿದ್ದಿಸುವ ಪ್ರಾಥಮಿಕ ಶಾಲೆಯ ಟೀಚರಿಗೆ ಇಲ್ಲ. ಬಿ.ಎಡ್. ಮುಗಿಸಿ ಪ್ರೌಢಶಾಲೆಗೆ ಸೇರುವ ನಮ್ಮ ವಿದ್ಯಾರ್ಥಿಗೆ ಮುಂದೆ ಈ ಹೆಚ್ಚುವರಿ ಓಟು ಸಿಗುತ್ತದೆ, ಅವನಿಗೆ ಅ ಆ ಇ ಈ ಕಲಿಸಿದವರಿಗೆ ಸಿಗುವುದಿಲ್ಲ. ಇದು ಸರಿಯೇ? ಮುಂದಿನ ವಿಚಾರಗೋಷ್ಠಿಗೆ ಈ ವಿಷಯವನ್ನು ಇಡೋಣ, ಪ್ರಾಥಮಿಕ ಶಾಲೆಯ ಶಿಕ್ಷಕಿಯರನ್ನೂ ಕರೆಯೋಣ.