ಎತ್ತಿನ ಹಲ್ಲು ನೋಡೋರು ನಾಯಿಮರಿಗೆ ಮೋಸ ಹೋಗಬೇಕೆ?

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆ ಎತ್ತು ಕೊಳ್ಳೋದು ಅಂದರೆ ಸಣ್ಣ ಮಾತಲ್ಲ. ಬಾಯಿ ಬಿಡಿಸಿ ಹಲ್ಲು ನೋಡ್ತಾರೆ, ಸುಳಿ ನೋಡ್ತಾರೆ, ನಾಲ್ಕು ಹೆಜ್ಜೆ ನಡೆಸಿ ನೋಡ್ತಾರೆ. ಆಮೇಲೆಯೇ ದುಡ್ಡಿನ ಮಾತು. ಅದೇ ಮನೆಯವರು ಮಕ್ಕಳ ಹಟಕ್ಕೆ ನಾಯಿಮರಿ ತರುವಾಗ ಮಾತ್ರ ಮೊಬೈಲಿಗೆ ಬಂದ ಒಂದು ಫೋಟೊ ನೋಡಿ ಮುಂಗಡ ಕಳಿಸಿಬಿಡ್ತಾರೆ! ಕೂಸು ಹುಟ್ಟೋ ಮೊದಲೇ ಕುಲಾವಿ ಹೊಲಿಸಿದ ಹಾಗಲ್ಲವೇ ಇದು?

ಮರಿ ಬಂದ ದಿನದ ಸಂಭ್ರಮ ಮಕ್ಕಳದ್ದು. ಮರುದಿನದಿಂದ ಅನ್ನ ಕಲಸೋದು, ಉಚ್ಚೆ ಒರೆಸೋದು, ರಾತ್ರಿ ಅತ್ತರೆ ಎದ್ದು ನೋಡೋದು ಎಲ್ಲ ನಮ್ಮ ಪಾಲಿಗೆ. ಹಾಗಿದ್ದ ಮೇಲೆ ಕೊಳ್ಳುವ ಮಾತುಕತೆಯಲ್ಲೂ ನಾವೇ ಮುಂದೆ ನಿಲ್ಲಬೇಕು ಅನ್ನೋದು ನನ್ನ ಅಭಿಪ್ರಾಯ.

ಕಾಣದ ಮರಿಗೆ ಕಾಸು ಬೇಡ

ಮುದ್ದಾದ ಲ್ಯಾಬ್ರಡಾರ್ ಮರಿಯ ಫೋಟೊ, ಅರ್ಧಕ್ಕರ್ಧ ಕಡಿಮೆ ಬೆಲೆ. ಮುಂಗಡ ಕೊಟ್ಟ ಮೇಲೆ ಗಾಡಿ ಬಾಡಿಗೆ, ಬೋನಿನ ಡಿಪಾಸಿಟ್, ವಿಮೆ ಅಂತ ಒಂದೊಂದೇ ಫೋನು. ‘ಮರಿ ತಲುಪಿದ ಮೇಲೆ ವಾಪಸ್ ಕೊಡ್ತೀವಿ’ ಅನ್ನೋ ಭರವಸೆ ಬೇರೆ. ಮರಿಯೂ ಇಲ್ಲ, ದುಡ್ಡೂ ಇಲ್ಲ. ಒಂದು ಮಾತು ನೆನಪಿರಲಿ, ನಮಗೆ ದುಡ್ಡು ಬರಬೇಕಾದರೆ ಯುಪಿಐ ಪಿನ್ ಒತ್ತಬೇಕಾಗಿಲ್ಲ. ಒತ್ತಿದರೆ ಹೋಗೋದು ನಮ್ಮದೇ. ಮೋಸವಾದರೆ ನಾಚಿಕೆಯಿಂದ ಸುಮ್ಮನಿರದೆ ತಕ್ಷಣ 1930ಕ್ಕೆ ಫೋನ್ ಮಾಡಿ ದೂರು ಕೊಡಿ.

ಇಲ್ಲೂ ಹಲ್ಲು ನೋಡಿ

2017ರ ಕೇಂದ್ರ ನಿಯಮದಂತೆ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಮರಿ ಹುಟ್ಟಿಸಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಆ ಪತ್ರ ತೋರಿಸಿ ಅನ್ನಲು ಸಂಕೋಚ ಬೇಡ. ತಿಂಗಳ ಮರಿಯನ್ನೇ ‘ಎರಡು ತಿಂಗಳದ್ದು’ ಅಂತ ಕೊಡುವವರಿದ್ದಾರೆ. ಬಾಯಿ ಬಿಡಿಸಿ ನೋಡಿ. ಎಂಟು ವಾರದ ಹೊತ್ತಿಗೆ ಸಾಮಾನ್ಯವಾಗಿ 28 ಹಾಲುಹಲ್ಲೂ ಬಂದಿರುತ್ತವೆ. ಕಣ್ಣಲ್ಲಿ ಪಿಸುರು, ಮೂಗಲ್ಲಿ ಸಿಂಬಳ, ಉಬ್ಬಿದ ಹೊಟ್ಟೆ, ಬಾಲದ ಕೆಳಗೆ ಭೇದಿಯ ಕಲೆ ಇದ್ದರೆ ಬೇಡ ಅನ್ನಿ.

ಪಾರ್ವೊ ಅನ್ನೋ ರೋಗ ತಗುಲಿದ ಮರಿ ಕೊಂಡ ದಿನ ಕುಣಿದಾಡುತ್ತದೆ. ವಾರದೊಳಗೆ ವಾಂತಿ, ರಕ್ತಭೇದಿ ಶುರುವಾಗಿ ಮಕ್ಕಳ ಕಣ್ಣೆದುರೇ ಪ್ರಾಣ ಬಿಡಬಹುದು. ಆದ್ದರಿಂದ ಚುಚ್ಚುಮದ್ದಿನ ಕಾರ್ಡಿನಲ್ಲಿ ತಾರೀಖು, ವೈದ್ಯರ ಸಹಿ ಎರಡೂ ಇರಬೇಕು. ಮನೆಗೆ ಬಂದ ಮೇಲೆ ಪಶು ಆಸ್ಪತ್ರೆಗೆ ಒಯ್ದು ಮುಂದಿನ ಚುಚ್ಚುಮದ್ದು ಕೇಳಿ. ಮೂರು ತಿಂಗಳಿಗೆ ರೇಬಿಸ್ ಲಸಿಕೆ ತಪ್ಪಿಸಬೇಡಿ. ಮರಿ ಕಚ್ಚಿದರೆ ‘ಹಾಲುಹಲ್ಲು, ಏನಾಗಲ್ಲ’ ಅನ್ನಬೇಡಿ. 15 ನಿಮಿಷ ಸೋಪು ನೀರಲ್ಲಿ ತೊಳೆದು ಆಸ್ಪತ್ರೆಗೆ ಹೋಗಲೇಬೇಕು. ರೇಬಿಸ್ ಲಕ್ಷಣ ಕಂಡ ಮೇಲೆ ಉಳಿಸಿಕೊಳ್ಳುವ ಔಷಧವಿಲ್ಲ.

ಹೆಸರಿಗೆ ಮರುಳಾಗಬೇಡಿ

ನಮ್ಮ ಮುಧೋಳ ನಾಯಿ 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು. 2020ರಲ್ಲಿ ಪ್ರಧಾನಿಯವರ ‘ಮನ್ ಕಿ ಬಾತ್’ನಲ್ಲೂ ಅದರ ಹೆಸರು ಕೇಳಿಬಂತು. ಹೆಸರು ದೊಡ್ಡದಾದಷ್ಟೂ ಸುಳ್ಳು ಹೇಳಿ ಮಾರೋದು ಸಲೀಸು. ಉದ್ದ ಮೋರೆ, ಆಳ ಎದೆ, ಸಣ್ಣ ನಡು ಎಲ್ಲ ಬೆಳೆದ ನಾಯಿಯಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಎಳೆಮರಿಯಲ್ಲಿ ಕಾಣುವುದಿಲ್ಲ. ಅದಕ್ಕೇ ತಾಯಿ ನಾಯಿಯನ್ನು ನೋಡದೆ ಕೊಳ್ಳಬಾರದು. ಮುಧೋಳದ್ದೇ ಬೇಕು ಅನ್ನುವವರು ಬಾಗಲಕೋಟೆ ಜಿಲ್ಲೆ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ, ಅಲ್ಲಿ ವಿಚಾರಿಸಲಿ. ಹಾಗೆಯೇ ಹಿಮದ ನಾಡಿನ ಹಸ್ಕಿಯನ್ನು ಹಿರೇಕೆರೂರಿನ ಏಪ್ರಿಲ್ ಬಿಸಿಲಿಗೆ ತರುವ ಮೊದಲು ಅದರ ಮೈತುಂಬ ಇರುವ ಉಣ್ಣೆಯನ್ನು ನೆನೆಸಿಕೊಳ್ಳಿ.

‘ತಾಯಿ ನಾಯಿ ಬೇರೆ ಊರಲ್ಲಿದೆ’, ‘ಬಸ್‌ಸ್ಟ್ಯಾಂಡಿಗೇ ಮರಿ ತಂದುಕೊಡ್ತೀವಿ’ ಅಂದರೆ ಅಲ್ಲಿಗೇ ಮಾತು ಮುಗಿಸಿ. ಕತ್ತಲ ಕೋಣೆಯಲ್ಲಿ ಕಟ್ಟಿಹಾಕಿ, ಬಾಣಂತನದ ಸುಸ್ತು ಆರುವ ಮೊದಲೇ ಮತ್ತೆ ಬೆದೆಗೆ ಬಿಡುವ ತಾಯಿಯನ್ನು ಅವರು ತೋರಿಸುವುದಾದರೂ ಹೇಗೆ? ನೋಡದೆ ಕೊಳ್ಳುವ ನಮ್ಮ ದುಡ್ಡೇ ಅದರ ಕೊರಳ ಸರಪಳಿ. ಹೆತ್ತು ಸಾಕಿದ ನಮಗೆ ಇದನ್ನು ಬಿಡಿಸಿ ಹೇಳಬೇಕೆ?

ಇಷ್ಟೆಲ್ಲ ರಗಳೆ ಯಾಕೆ ಅನ್ನುವವರಿಗೆ ನಮ್ಮ ಓಣಿಯಲ್ಲೇ ಹುಟ್ಟಿದ ಕಂತ್ರಿ ಮರಿಗಳಿವೆ. ನಮ್ಮ ಬಿಸಿಲು ಅವಕ್ಕೆ ಹೊಸದಲ್ಲ, ಬೆಲೆಯೂ ಇಲ್ಲ. ಚುಚ್ಚುಮದ್ದು ಹಾಕಿಸಿ, ಹೊತ್ತಿಗೆ ಸರಿಯಾಗಿ ರೊಟ್ಟಿ ಚೂರು ಹಾಕಿದರೆ ಹಿತ್ತಲಿಗೂ ಅಂಗಳಕ್ಕೂ ಅದೇ ಕಾವಲು. ಏನಂತೀರಿ ಗೆಳತಿಯರೇ?