ಅಡಿಕೆಯ ದ್ವೀಪದಲ್ಲಿ ನಿವೃತ್ತಿ



1978ರಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ ಹೋದ ತಂಡದ ಒಬ್ಬ ಹುಡುಗ ಕಳೆದ ತಿಂಗಳು ನನಗೊಂದು ದೀರ್ಘ ಪತ್ರ ಬರೆದ. ಅವನಿಗೂ ಈಗ ಅರವತ್ತು ದಾಟಿದೆ. ಆದರೂ ನನ್ನ ಬಾಯಲ್ಲಿ ಅವನು ಹುಡುಗನೇ. ಪತ್ರದ ತಿರುಳು ಇಷ್ಟು: ‘ಮೇಷ್ಟ್ರೇ, ಸಾಗರದ ಕಡೆಯ ಹಳೆಯ ಮನೆಯನ್ನೂ ಒಂದೆಕರೆ ತೋಟವನ್ನೂ ಮಾರಿಬಿಡೋಣವೆಂದಿದ್ದೇನೆ. ಇನ್ನು ನಮ್ಮ ಬದುಕು ಇಲ್ಲಿಯೇ. ನೀವು ಏನು ಹೇಳುತ್ತೀರಿ?’

‘ಇಲ್ಲಿ’ ಎಂದರೆ ಮಲೇಷ್ಯಾದ ಪೆನಾಂಗ್ ದ್ವೀಪ. ಅವನ ಒಪ್ಪಿಗೆ ಪಡೆದು, ಹೆಸರು ಹೇಳದೆ, ನನ್ನ ಉತ್ತರವನ್ನು ಎಲ್ಲರೂ ಓದುವಂತೆ ಇಲ್ಲಿಯೇ ಬರೆಯುತ್ತಿದ್ದೇನೆ. ಹೊರದೇಶಗಳಲ್ಲಿ ದುಡಿದು ಈಗ ನಿವೃತ್ತಿಯ ಅಂಚಿಗೆ ಬಂದಿರುವ ನಿಮ್ಮಲ್ಲಿ ಹಲವರು ಇಂತಹದೇ ಲೆಕ್ಕಾಚಾರದಲ್ಲಿ ತೊಡಗಿರುವುದನ್ನು ನಾನು ಬಲ್ಲೆ.

ಈ ಹುಡುಗ ಸಿಂಗಪುರದಲ್ಲಿ ಇಪ್ಪತ್ತೈದು ವರ್ಷ ಎಂಜಿನಿಯರ್ ಆಗಿದ್ದ. ಸಿಂಗಪುರದ ಬಾಡಿಗೆಯಲ್ಲಿ ನಿವೃತ್ತ ಜೀವನ ಸಾಗದೆಂದು 2016ರಲ್ಲಿ ‘ಮಲೇಷ್ಯಾ ನನ್ನ ಎರಡನೆಯ ಮನೆ’ ಎಂಬ ಸರ್ಕಾರಿ ಯೋಜನೆಯಡಿ ಹತ್ತು ವರ್ಷಗಳ ವಾಸದ ಪರವಾನಗಿ ಪಡೆದು, ಪೆನಾಂಗಿನ ಕಡಲ ಬದಿಯಲ್ಲಿ ಒಂದು ಫ್ಲಾಟ್ ಕೊಂಡ. ಒಬ್ಬಳೇ ಮಗಳು ಕೆನಡಾದಲ್ಲಿದ್ದಾಳೆ. ಹೆಂಡತಿ ಧಾರವಾಡದವಳು, ಗಟ್ಟಿಗಿತ್ತಿ.

ಅವರ ಒತ್ತಾಯಕ್ಕೆ ಮಣಿದು ಎರಡು ವಾರ ನಾನೂ ಅಲ್ಲಿದ್ದು ಬಂದೆ. ಭಾರತೀಯರು ವೀಸಾ ಇಲ್ಲದೆ ಮೂವತ್ತು ದಿನ ಇರಬಹುದೆಂದು ಮಲೇಷ್ಯಾ 2023ರ ಡಿಸೆಂಬರಿನಲ್ಲಿ ಅನುಮತಿಸಿದ್ದರಿಂದ ನನ್ನಂತಹ ಮುದುಕನಿಗೂ ಅದು ಸಾಧ್ಯವಾಯಿತು. ಹೋದ ಮೊದಲ ದಿನವೇ ತಿಳಿದ ಸಂಗತಿ: ಆ ಊರಿನ ಮಲಯ ಹೆಸರು ‘ಪುಲಾವ್ ಪಿನಾಂಗ್’. ಪುಲಾವ್ ಎಂದರೆ ನಮ್ಮ ಅಡುಗೆಮನೆಯದಲ್ಲ, ದ್ವೀಪ. ಪಿನಾಂಗ್ ಎಂದರೆ ಅಡಿಕೆ. ಅಡಿಕೆ ತೋಟದಲ್ಲಿ ಹುಟ್ಟಿದವನು ಅಡಿಕೆಯ ದ್ವೀಪಕ್ಕೇ ಹೋಗಿ ನೆಲೆಸಿದ್ದಾನೆ! ಒಂಬತ್ತು ವರ್ಷ ಅಲ್ಲಿದ್ದೂ ಆ ಹೆಸರಿನ ಅರ್ಥ ಅವನಿಗೆ ತಿಳಿದಿರಲಿಲ್ಲ. ಅದನ್ನು ನನಗೆ ಹೇಳಿದವನು ಕಟ್ಟಡದ ಕಾವಲುಗಾರ. ನಾನು ಮೇಷ್ಟ್ರೆಂದು ತಿಳಿದ ಮೇಲೆ ಆತ ನನ್ನನ್ನು ‘ಚಿಕ್ಗು’ ಎಂದೇ ಕರೆಯುತ್ತಿದ್ದ. ಅಲ್ಲಿ ಉಪಾಧ್ಯಾಯರನ್ನು ಕರೆಯುವ ಪದವದು; ಅದರ ಕೊನೆಯ ‘ಗು’ ನಮ್ಮ ಗುರುವಿನ ‘ಗು’. ಮಲಯ ಭಾಷೆಯಲ್ಲಿ ಭೂಮಿ ‘ಬೂಮಿ’, ಸ್ವಾಮಿ ‘ಸುಆಮಿ’ (ಗಂಡನೆಂಬ ಅರ್ಥದಲ್ಲಿ), ಭಾಷೆ ‘ಬಹಾಸ’. ಬೆಳಗಿನ ತಿರುಗಾಟದಲ್ಲಿ ಇಂತಹ ಪದಗಳನ್ನು ಹೆಕ್ಕುತ್ತಾ ನನಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

ಊರು ನಿಜಕ್ಕೂ ಚೆಂದ. ಜಾರ್ಜ್ ಟೌನಿನ ಹಳೆಯ ಬೀದಿಗಳು 2008ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಚೀನೀಯರ ದೇವಾಲಯ, ಮಸೀದಿ, ಮಾರಿಯಮ್ಮನ ಗುಡಿ, ಇಗರ್ಜಿ ಎಲ್ಲವೂ ಕಾಲ್ನಡಿಗೆಯ ದೂರದಲ್ಲಿ. ಬಾಳೆಲೆಯ ಊಟ ಸಿಗುತ್ತದೆ, ತಮಿಳು ಕೇಳಿಸುತ್ತದೆ. ಆಸ್ಪತ್ರೆಗಳಿಗೆ ಇಂಡೋನೇಷ್ಯಾದಿಂದಲೂ ಜನ ಹುಡುಕಿಕೊಂಡು ಬರುತ್ತಾರೆ. ಮಳೆಯಂತೂ ನಮ್ಮ ಮಲೆನಾಡಿನದೇ. ಆದರೆ ಅಲ್ಲಿ ಚಳಿಗಾಲವೆಂಬುದೇ ಇಲ್ಲ. ನನ್ನ ಮಂಡಿನೋವು ಆ ಎರಡು ವಾರ ನನ್ನನ್ನು ಮರೆತಿತ್ತೆಂಬುದನ್ನೂ ಪ್ರಾಮಾಣಿಕವಾಗಿ ಹೇಳಿಬಿಡಬೇಕು.

ಆದ್ದರಿಂದ ಅವನು ಹೋದದ್ದು ತಪ್ಪೆಂದು ನಾನು ಹೇಳಲಾರೆ. ‘ಹುಟ್ಟಿದ ಮಣ್ಣು ಬಿಟ್ಟವನಿಗೆ ನೆಮ್ಮದಿಯಿಲ್ಲ’ ಎಂಬ ಮಾತನ್ನು ಸಭೆಗಳಲ್ಲಿ ಬಹಳ ಕೇಳಿದ್ದೇನೆ. ಹೇಳುವವರ ಮಕ್ಕಳು ಸಾಮಾನ್ಯವಾಗಿ ಅಮೆರಿಕದಲ್ಲಿರುತ್ತಾರೆ. ನಾನು ಹುಟ್ಟಿದ ಮಣ್ಣಿನಲ್ಲಿಯೇ ಇದ್ದೇನೆ, ಮಗ ಪುಣೆಯಲ್ಲಿದ್ದಾನೆ, ಅಡುಗೆಯವಳು ಬಾರದ ದಿನ ಅವಲಕ್ಕಿ ನೆನೆಸಿ ತಿನ್ನುತ್ತೇನೆ. ಒಂಟಿತನಕ್ಕೆ ಪಾಸ್‌ಪೋರ್ಟ್ ಬೇಕಾಗಿಲ್ಲ.

ನನ್ನ ಆತಂಕ ಬೇರೆಯದು. ಇಂತಹ ಯೋಜನೆಗಳು ಎರಡನೆಯ ಮನೆಯೆಂದು ಹೆಸರಿಟ್ಟುಕೊಂಡರೂ, ಅವು ಕೊಡುವುದು ಮನೆಯನ್ನಲ್ಲ, ಅವಧಿಯನ್ನು. ಪೌರತ್ವವಿಲ್ಲ, ಶಾಶ್ವತ ವಾಸದ ಹಕ್ಕಿಲ್ಲ. ಥೈಲ್ಯಾಂಡಿನಲ್ಲಿ ಐವತ್ತು ದಾಟಿದ ವಿದೇಶಿಯರು 8,00,000 ಬಾತ್ ಬ್ಯಾಂಕಿನಲ್ಲಿಟ್ಟು, ಅಥವಾ ತಿಂಗಳಿಗೆ 65,000 ಬಾತ್ ವರಮಾನ ತೋರಿಸಿ, ವರ್ಷ ವರ್ಷವೂ ಅನುಮತಿ ಪಡೆಯುತ್ತಾ ನೆಲೆಸುವ ಕ್ರಮವಿದೆ. ತೊಂಬತ್ತು ದಿನಕ್ಕೊಮ್ಮೆ ‘ನಾನು ಇಂತಹ ವಿಳಾಸದಲ್ಲಿದ್ದೇನೆ’ ಎಂದು ವರದಿಯನ್ನೂ ಸಲ್ಲಿಸಬೇಕು. ನಾವು ಪಿಂಚಣಿದಾರರು ವರ್ಷಕ್ಕೊಮ್ಮೆ ನವೆಂಬರಿನಲ್ಲಿ ಬದುಕಿದ್ದೇವೆಂಬ ಪ್ರಮಾಣಪತ್ರ ಕೊಡುವುದಕ್ಕೇ ಗೊಣಗುತ್ತೇವೆ!

ಮಲೇಷ್ಯಾದ ಯೋಜನೆ ಈ ಹೆಸರಿನಲ್ಲಿ ಆರಂಭವಾದದ್ದು 2002ರಲ್ಲಿ. ನನ್ನ ಶಿಷ್ಯ ಸೇರಿದಾಗ ಐವತ್ತು ದಾಟಿದವರಿಗೆ ಠೇವಣಿ 1,50,000 ರಿಂಗಿಟ್, ತಿಂಗಳ ವರಮಾನ 10,000 ರಿಂಗಿಟ್ ಇದ್ದರೆ ಸಾಕಾಗಿತ್ತು. 2020ರಲ್ಲಿ ಯೋಜನೆಯನ್ನೇ ತಡೆಹಿಡಿದರು. 2021ರಲ್ಲಿ ಮತ್ತೆ ತೆರೆದಾಗ ವರಮಾನದ ಮಿತಿ 40,000 ರಿಂಗಿಟ್, ಠೇವಣಿ ಹತ್ತು ಲಕ್ಷ ರಿಂಗಿಟ್ ಆಗಿತ್ತು. ದೊಡ್ಡ ಗುಲ್ಲೆದ್ದಿತು. 2024ರಲ್ಲಿ ಅದನ್ನೂ ಬದಲಿಸಿ ಬೆಳ್ಳಿ, ಚಿನ್ನ, ಪ್ಲಾಟಿನಂ ಎಂಬ ದರ್ಜೆಗಳನ್ನು ಮಾಡಿದರು. ಅವುಗಳಲ್ಲಿ ಕೆಳಗಿನದಾದ ಬೆಳ್ಳಿಗೇ ಒಂದೂವರೆ ಲಕ್ಷ ಅಮೆರಿಕನ್ ಡಾಲರ್ ಠೇವಣಿ, ಅಂದರೆ ಒಂದೂಕಾಲು ಕೋಟಿ ರೂಪಾಯಿಗೂ ಮಿಗಿಲು. ಅದರ ಮೇಲೆ 6,00,000 ರಿಂಗಿಟ್‌ಗೆ ಕಡಿಮೆಯಿಲ್ಲದ ಮನೆಯನ್ನೂ ಕೊಳ್ಳಬೇಕು. ದೊರೆಯುವ ಅವಧಿ ಐದು ವರ್ಷ. ತನ್ನ ನೆಲದಲ್ಲಿ ಯಾರು ಇರಬೇಕೆಂದು ತೀರ್ಮಾನಿಸುವುದು ಆ ದೇಶದ ಹಕ್ಕು. ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಆರು ವರ್ಷಗಳೊಳಗೆ ಮೂರು ಬಗೆಯ ನಿಯಮಗಳನ್ನು ಕಂಡ ಮೇಲೂ ಅದನ್ನೇ ನಂಬಿ ಊರಿನ ಮನೆ ಮಾರುವುದು ಎಂತಹ ಲೆಕ್ಕ? ಎಂಬತ್ತರ ವಯಸ್ಸಿನಲ್ಲಿ ನಿಯಮ ಮತ್ತೊಮ್ಮೆ ಬದಲಾದರೆ ಪೆಟ್ಟಿಗೆ ಕಟ್ಟುವವರು ಯಾರು?

ಇದು ನಾನು ಕಲ್ಪಿಸಿದ ಭಯವಲ್ಲ. 2020ರ ಮಾರ್ಚ್ ಮೊದಲ ವಾರದಲ್ಲಿ ಅಣ್ಣನ ಮಗಳ ಮದುವೆಗೆಂದು ಈ ದಂಪತಿಗಳು ಹತ್ತು ದಿನದ ಬಟ್ಟೆ ತಂದಿದ್ದರು. ಆ ತಿಂಗಳ 18ರಿಂದ ಮಲೇಷ್ಯಾದಲ್ಲಿ ಸಂಚಾರ ನಿರ್ಬಂಧ, 25ರಿಂದ ನಮ್ಮಲ್ಲಿ. ವಿಮಾನಗಳು ನಿಂತವು. ಕೈಯಲ್ಲಿ ಹತ್ತು ವರ್ಷದ ಪರವಾನಗಿಯಿದ್ದೂ ತಮ್ಮ ಫ್ಲಾಟಿಗೆ ಮರಳಲಾಗದೆ ಅವರು ತಿಂಗಳುಗಟ್ಟಲೆ ಇಲ್ಲಿಯೇ ಉಳಿದರು. ಎಲ್ಲಿ? ಈಗ ಮಾರುತ್ತೇನೆನ್ನುತ್ತಿರುವ ಅದೇ ಮನೆಯಲ್ಲಿ. ಆ ಮಳೆಗಾಲದಲ್ಲಿ ಅವನು ಮಾಡಿನ ಹೆಂಚು ತಾನೇ ಸರಿಪಡಿಸಿದ, ತೋಟದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಿದ, ಅಂಗಳದ ಆಚೆ ನಿಂತು ನನ್ನೊಡನೆ ಗಂಟೆಗಟ್ಟಲೆ ಮಾತನಾಡಿದ. ‘ಮೇಷ್ಟ್ರೇ, ಈ ಮನೆ ಇಲ್ಲದಿದ್ದರೆ ಬೀದಿಪಾಲಾಗುತ್ತಿದ್ದೆವು’ ಎಂದವನು ಅವನೇ. ಅದನ್ನು ಮರೆತಿದ್ದಾನೆ. ಮೇಷ್ಟ್ರಿಗೆ ಮರೆವು ಕಡಿಮೆ. ಹಾಜರಿ ಪುಸ್ತಕ ಇಟ್ಟ ಅಭ್ಯಾಸ.

ಇನ್ನೊಂದು ಸಂಗತಿ ನನ್ನನ್ನು ಅಲ್ಲಿಂದ ಬಂದ ಮೇಲೂ ಬಿಟ್ಟಿಲ್ಲ. ಅವರ ಕಟ್ಟಡದಲ್ಲಿಯೇ ಎಂಬತ್ತು ಮೀರಿದ ಜಪಾನಿ ಹಿರಿಯರೊಬ್ಬರಿದ್ದರು. ಲಿಫ್ಟಿನಲ್ಲಿ ಕಂಡಾಗಲೆಲ್ಲ ಸೊಂಟ ಬಾಗಿಸಿ ವಂದಿಸುತ್ತಿದ್ದರು. ಹೆಂಡತಿಯೊಡನೆ ಬಂದವರು; ಹೆಂಡತಿ ತೀರಿಕೊಂಡ ಮೇಲೆ ಹಿಂದಿರುಗಲು ಜಪಾನಿನಲ್ಲಿ ಅವರಿಗೆ ಮನೆಯಿರಲಿಲ್ಲ. ಅವರ ಕೈ ಹಿಡಿದು ನಡೆಸುತ್ತಿದ್ದವಳು ಜಾವಾದ ಒಬ್ಬ ಹೆಂಗಸು. ನನ್ನ ಶಿಷ್ಯನ ಹೆಂಡತಿಗೆ ಸ್ವಲ್ಪ ಮಲಯ ಬರುತ್ತದೆ. (ಗಂಡನಿಗೆ ಬರುವುದಿಲ್ಲ, ಅವನು ಇಂಗ್ಲಿಷಿನಲ್ಲಿಯೇ ಸಾಗಿಸುತ್ತಾನೆ. ಈ ವಿಷಯದಲ್ಲಿ ಅವನಿಗೆ ನಾನು ಇಂದಿಗೂ ಪಾಸು ಅಂಕ ಕೊಡಲಾರೆ.) ಒಂದು ಸಂಜೆ ಆಕೆ ಆ ಹೆಂಗಸನ್ನು ‘ನಿನ್ನ ತಾಯಿ?’ ಎಂದು ಕೇಳಿದಳು. ತಾಯಿ ಹಳ್ಳಿಯಲ್ಲಿದ್ದಾಳೆ, ಹಾಸಿಗೆ ಹಿಡಿದಿದ್ದಾಳೆ, ನೆರೆಯವರು ನೋಡಿಕೊಳ್ಳುತ್ತಾರೆ ಎಂದು ಉತ್ತರ ಬಂದಿತು. ಮೂರು ವರ್ಷದಿಂದ ಊರಿಗೆ ಹೋಗಿಲ್ಲವಂತೆ.

ಅಗ್ಗದ ನಿವೃತ್ತಿ ಎಂದು ಎಲ್ಲರೂ ಹೊಗಳುವಾಗ, ಅಗ್ಗವಾಗಿರುವುದು ಇಂತಹವಳ ಸಂಬಳವೆಂಬುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಮ್ಮ ಊರಿನ ಹುಡುಗಿಯರೂ ಕೊಲ್ಲಿ ದೇಶಗಳಿಗೆ ಹೋಗಿ ಇದೇ ಕೆಲಸ ಮಾಡುತ್ತಿದ್ದಾರೆ. ನನ್ನ ಬಳಿ ಇದಕ್ಕೆ ಪರಿಹಾರವಿಲ್ಲ. ಆದರೆ ಮುಂದೊಂದು ದಿನ ನನ್ನ ಶಿಷ್ಯನ ಮನೆಗೂ ಅಂತಹವಳೊಬ್ಬಳು ಬರುವಳು. ಆಗ ಅವಳ ಭಾಷೆಯಲ್ಲಿ ಅವಳ ತಾಯಿಯ ಕ್ಷೇಮ ವಿಚಾರಿಸುವಷ್ಟಾದರೂ ಅವನು ಕಲಿತಿರಲಿ. ಅವನಿಗೂ ಅದು ಬೇಕಾದೀತು. ರಾತ್ರಿ ಎರಡು ಗಂಟೆಗೆ ಎದೆಯಲ್ಲಿ ಕಾಣಿಸಿಕೊಂಡ ನೋವು ಚುಚ್ಚುತ್ತಿದೆಯೋ ಉರಿಯುತ್ತಿದೆಯೋ ಎಂದು ಹೇಳಲು ಪಕ್ಕದಲ್ಲಿರುವವಳ ಭಾಷೆ ಬೇಕು.

ಹೀಗಾಗಿ ಅವನಿಗೆ ಬರೆದದ್ದು ಇಷ್ಟು. ಅಲ್ಲಿಯೇ ಇರು, ಸುಖವಾಗಿರು. ತೋಟವನ್ನು ಬೇಕಾದರೆ ಅಣ್ಣನ ಮಗನಿಗೆ ಗೇಣಿಗೆ ಕೊಡು, ಮಾರಿದರೂ ನಾನು ಆಕ್ಷೇಪಿಸೆನು. ಮನೆಯನ್ನು ಮಾತ್ರ ಮಾರಬೇಡ. ಎರಡು ದೇಶಗಳಲ್ಲಿಯೂ ಉಯಿಲು ಬರೆದಿಡು. ನಿನ್ನ ನಂತರ ಅವಳು ಎಲ್ಲಿರಬಯಸುತ್ತಾಳೆಂದು ಅವಳನ್ನೇ ಕೇಳು. ಪತ್ರದ ನಾಲ್ಕು ಪುಟಗಳಲ್ಲಿ ಅವಳ ಅಭಿಪ್ರಾಯ ಒಂದು ಸಾಲೂ ಇಲ್ಲ.

ಮೊನ್ನೆ ದೂರವಾಣಿ ಮಾಡಿದ್ದ. ಕೇಳಿದನಂತೆ. ‘ಧಾರವಾಡವೂ ಬೇಡ, ಕೆನಡಾವೂ ಬೇಡ, ಸಾಗರದ ಮನೆಗೆ ಬರುತ್ತೇನೆ’ ಎಂದಳಂತೆ. ಅವನಿಗೆ ಅದು ಅನಿರೀಕ್ಷಿತ, ನನಗಲ್ಲ. ಮಾರಾಟದ ಮಾತು ಸದ್ಯಕ್ಕೆ ನಿಂತಿದೆ. ಹಿತ್ತಿಲ ಕಡೆ ಮಾಡು ಸೋರುತ್ತಿದೆಯೆಂದು ಹೆಂಚಿಗೆ ಹಣ ಕಳುಹಿಸಿದ್ದಾನೆ. 1978ರ ತಂಡದವರು ಯಾರಾದರೂ ಮಳೆ ಹಿಡಿಯುವ ಮೊದಲು ಆ ಕಡೆ ಹೋಗುವುದಿದ್ದರೆ ನನಗೆ ತಿಳಿಸಿ. ಬೀಗದ ಕೈ ನನ್ನಲ್ಲಿದೆ.