ತಂಗುದಾಣದ ನೆತ್ತಿಯ ಮೇಲಿನ ಹೆಸರು

ಅಳದಂಗಡಿಯಿಂದ ಮೂಡುಬಿದಿರೆಗೋ ಬೆಳ್ತಂಗಡಿಗೋ ಹೊರಟರೆ ದಾರಿಯುದ್ದಕ್ಕೂ ಬಸ್ ತಂಗುದಾಣಗಳು. ಹಲವುಗಳ ನೆತ್ತಿಯ ಮೇಲೆ ಸಂಸದರದೋ ಶಾಸಕರದೋ ಹೆಸರು ದಪ್ಪಕ್ಷರದಲ್ಲಿ, ಊರಿನ ಹೆಸರು ಸಣ್ಣಕ್ಷರದಲ್ಲಿ. ದುಡ್ಡು ಮಾತ್ರ ನಮ್ಮ ತೆರಿಗೆಯದು.

ಸಂಸದರು, ಶಾಸಕರು ತಮ್ಮ ಕ್ಷೇತ್ರದ ಕಾಮಗಾರಿಗೆ ಹಂಚುವ ಈ ಅನುದಾನವನ್ನೇ ನಿಲ್ಲಿಸಿ ಎಂದವರು ಬೇರಾರೂ ಅಲ್ಲ, ಮೂಡುಬಿದಿರೆಯವರೇ ಆದ ವೀರಪ್ಪ ಮೊಯಿಲಿ. ಅವರ ಅಧ್ಯಕ್ಷತೆಯ ಎರಡನೇ ಆಡಳಿತ ಸುಧಾರಣಾ ಆಯೋಗ 2007ರಲ್ಲಿ ಆಡಳಿತದ ನೈತಿಕತೆ ಕುರಿತ ವರದಿಯಲ್ಲಿ ಸಂಸದರ, ಶಾಸಕರ ಪ್ರದೇಶಾಭಿವೃದ್ಧಿ ನಿಧಿ ರದ್ದಾಗಲಿ ಎಂದು ಶಿಫಾರಸು ಮಾಡಿತು. ಕಾನೂನು ಮಾಡಿ ಸರ್ಕಾರದ ಲೆಕ್ಕ ಕೇಳಬೇಕಾದವರೇ ಕಾಮಗಾರಿ ಹಂಚಲು ಕೂತರೆ ಲೆಕ್ಕ ಕೇಳುವವರಾರು? ಪ್ರಶ್ನೆ ನ್ಯಾಯವಾದದ್ದೇ.

ಆದದ್ದು ಬೇರೆ. 1993ರಲ್ಲಿ ಶುರುವಾದ ಸಂಸದರ ನಿಧಿ ಈಗ ಒಬ್ಬೊಬ್ಬರಿಗೆ ವರ್ಷಕ್ಕೆ 5 ಕೋಟಿ ರೂಪಾಯಿ. 2010ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೋವಿಡ್ ಕಾಲದಲ್ಲಿ ತಡೆಹಿಡಿದದ್ದೂ 2021ರಲ್ಲಿ ಮರಳಿತು. ಮೊಯಿಲಿಯವರೂ 2009ರಿಂದ ಹತ್ತು ವರ್ಷ ಚಿಕ್ಕಬಳ್ಳಾಪುರದ ಸಂಸದರಾಗಿದ್ದರು, ಅದೇ ನಿಧಿಯ ಹಕ್ಕುದಾರರಾಗಿ! ವರದಿ ಬರೆಯುವುದು ಸುಲಭ, ಪಕ್ಷಗಳನ್ನು ಒಪ್ಪಿಸುವುದು ಕಷ್ಟ. ಈ ವಿಷಯದಲ್ಲಿ ಎಲ್ಲ ಪಕ್ಷಗಳೂ ಒಂದೇ.

ನಿಧಿ ಹೋಗುವುದಿಲ್ಲ ಎಂದಾದರೆ, ಯಾವ ರಸ್ತೆ, ಯಾವ ತಂಗುದಾಣ ಮೊದಲು ಎಂಬುದು ಗ್ರಾಮಸಭೆಯಲ್ಲಾದರೂ ತೀರ್ಮಾನವಾಗಲಿ. ಫಲಕದಲ್ಲಿ ಹೆಸರಿಗಿಂತ ಖರ್ಚಿನ ಮೊತ್ತ ದೊಡ್ಡದಾಗಿರಲಿ. ಮುಂದಿನ ಗ್ರಾಮಸಭೆಗೆ ಹೋದಾಗ ಓದುಗರು ಇದನ್ನೊಮ್ಮೆ ಎದ್ದು ನಿಂತು ಕೇಳಬೇಕು.